ಮಣ್ಣಿನ ದಾಳಿಂಬೆ

ದಾಳಿಂಬೆಯ ಮೇಲಿನ ಹಲ್ಲಿನ ಗುರುತನ್ನು ಹಸಿಮಣ್ಣಿನಿಂದ ಮುಚ್ಚುತ್ತಿದ್ದ ನನ್ನ ಹೆಬ್ಬೆರಳು ಒಂದು ಕಡೆ ತಾನಾಗಿಯೇ ನಿಂತಿತು. ಕಚ್ಚಿದ ಹಲ್ಲುಗಳಲ್ಲಿ ಒಂದು ಓರೆಯಾಗಿತ್ತು.

"ಇಲಿಯಂತೂ ಅಲ್ಲ," ಎಂದರು ನರ್ಸ್ ಎಸ್ತರಮ್ಮ. "ಇಷ್ಟಗಲ ಬಾಯಿಯ ಇಲಿ ಇದ್ರೆ ನಾನು ಕೆಲಸ ಬಿಟ್ಟು ಹೋಗ್ತೀನಿ."

ಬಸುರಿಯರು ಏನೇನು ತಿನ್ನಬೇಕೆಂದು ತೋರಿಸಲು ಆಸ್ಪತ್ರೆಯ ಹಜಾರದ ಮೇಜಿನ ಮೇಲೆ ಹಣ್ಣು, ಸೊಪ್ಪು, ಮೊಟ್ಟೆ ಜೋಡಿಸಿದ್ದರು. ಎಲ್ಲವೂ ನಾನು ಮಾಡಿದ್ದೇ. ಸುಡದ ಜೇಡಿಮಣ್ಣು, ಮೇಲೆ ತೆಳುವಾಗಿ ಬಣ್ಣ. ದಾಳಿಂಬೆಗೆ ಕೆಮ್ಮಣ್ಣು ಬಳಿದಿದ್ದೆ. ನಿಜವಾದ ಹಣ್ಣು ಕೊಳೆಯುತ್ತದೆ ಎಂದಿದ್ದರು. ನಮ್ಮ ಕೇರಿಯಲ್ಲಿ ಹಣ್ಣು ಕೊಳೆತದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿನ ಅಂಗಡಿಗೆ ಬರುತ್ತಿದ್ದದ್ದು ನುಚ್ಚು, ಉಪ್ಪು, ಒಣಮೆಣಸಿನಕಾಯಿ.

ಸರದಿಗೆ ಕೂತ ಹೆಂಗಸರು ಮೇಜಿನಿಂದ ದೂರ ಸರಿದಿದ್ದರು. ಬಯಕೆ ತೀರದೆ ಸತ್ತ ಬಸುರಿಯೊಬ್ಬಳು ಮಧ್ಯಾಹ್ನ ಬಂದು ಕಚ್ಚುತ್ತಾಳೆ ಎಂದು ಅವರ ಮಾತು.

"ಸತ್ತ ಮೇಲಾದ್ರೂ ತಿನ್ಲಿ ಬಿಡಿ," ಎಂದಳು ಒಬ್ಬಳು. ಯಾರೂ ನಗಲಿಲ್ಲ.

ಮರುದಿನ ಹಜಾರ ಖಾಲಿಯಾದ ಮೇಲೆ ಬಾಗಿಲ ಮರೆಯಲ್ಲಿ ನಿಂತೆ. ಮೊದಲು ಕೇಳಿಸಿದ್ದು ಸದ್ದು, ಹುರಿಗಡಲೆ ಅಗಿಯುವಂಥದು. ಮೇಜಿನ ಹಿಂದೆ ಗೋಡೆಗೊರಗಿ ಒಬ್ಬಳು ಕೂತಿದ್ದಳು. ತುಟಿಯೆಲ್ಲ ಕೆಂಪು, ಮುಖ ಮಾತ್ರ ಸುಣ್ಣ ಬಳಿದಂತೆ. ಅವಳು ನಕ್ಕಾಗ ಓರೆ ಹಲ್ಲು ಕಂಡಿತು. ಅದು ನನ್ನ ತಂಗಿ ದುರುಗಿ, ತುಂಬು ಬಸುರಿ.

"ಮೊದಲ ಮಳೆ ಬಿದ್ದಂಗೆ ಐತೆ ಅಕ್ಕಾ, ಇದರ ರುಚಿ."

ನಾನು ಕರೆತಂದ ಎಸ್ತರಮ್ಮ ಅವಳ ಕಣ್ಣರೆಪ್ಪೆ ಕೆಳಗೆಳೆದು ನೋಡಿದರು. ನನ್ನನ್ನು ಹೊರಗೆ ಕರೆದರು.

"ರಕ್ತ ಇಲ್ಲದ ಮೈಯನ್ನ ಮಣ್ಣು ಕರೀತದಮ್ಮ. ಹೀಗೇ ಬಿಟ್ರೆ ಹೆರಿಗೇಲಿ ಉಳಿಯೋದು ಕಷ್ಟ. ಮಾತ್ರೆ ಕೊಡ್ತೀನಿ, ಆದ್ರೆ ಹೊಟ್ಟೆಗೂ ಬೀಳಬೇಕು. ದಿನಾ."

ನಾನು ಹೊಳೆ ದಾಟಿ ಪೇಟೆಗೆ ಹೋಗಿ ದಾಳಿಂಬೆ ತಂದೆ. ಕೈಲಿದ್ದದ್ದೆಲ್ಲ ಆ ಒಂದು ಹಣ್ಣಿಗೇ ಹೋಯಿತು. ದುರುಗಿ ಅದೇ ಗೋಡೆಗೆ ಒರಗಿದ್ದಳು. ಅವಳ ಮಡಿಲಲ್ಲಿ ಅರ್ಧ ತಿಂದ ಮಣ್ಣಿನ ಹಣ್ಣಿತ್ತು. ಅದರ ಪಕ್ಕ ನಾನು ತಂದದ್ದನ್ನಿಟ್ಟೆ. ಎಲ್ಲೂ ಹಲ್ಲಿನ ಗುರುತಿಲ್ಲದೆ ನುಣ್ಣಗಿದ್ದ ಅದೇ ನನಗೆ ನಕಲಿಯಂತೆ ಕಂಡಿತು.

ಅವಳು ಎತ್ತಿ ಮೂಸಿದಳು. ಗಂಟಲು ಒಮ್ಮೆ ಅಲುಗಿತು.

"ನಾಳೆ?" ಎಂದಳು.



ಹಣ್ಣನ್ನು ನನ್ನ ಕೈಗೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದಳು.

"ಮಣ್ಣು ನಾಳೇನೂ ಇರ್ತೈತೆ. ಇದರ ರುಚಿ ಹತ್ತಿಸಬ್ಯಾಡ. ನಂಗ್ ಬ್ಯಾಡ."