ಲಾಯದ ವಿದ್ಯಾರ್ಥಿನಿ

"ಏ ಹೂವಮ್ಮ, ಕುದುರೆ ಮುಟ್ಟಬೇಡ ಅಂತ ಎಷ್ಟು ಸಲ ಬೊಗಳಬೇಕೇ? ನಿಂಗೆ ಲದ್ದಿ ಕೊಟ್ಟಿಲ್ವಾ? ಅದನ್ನ ಮುಟ್ಟು, ಸಾಕು."

ದಣಿಯ ದನಿಗೆ ಹೂವಮ್ಮ ಡ್ಯೂಕ್ ಕುದುರೆಯ ಕಾಲು ಕೆಳಗಿಟ್ಟಳು. ಗೊರಸಿಗೆ ಸಿಕ್ಕಿದ್ದ ಜಲ್ಲಿಕಲ್ಲು ಆಗಲೇ ಅವಳ ಕೈಯಲ್ಲಿತ್ತು. ತಾಳಗುಪ್ಪದ ಹತ್ತಿರ ದಣಿ ಮಧುಸೂದನ ತೆರೆದ ಕುದುರೆ ಸವಾರಿ ಶಾಲೆಯಲ್ಲಿ ಎರಡು ವರ್ಷದಿಂದ ಅವಳದ್ದು ಲದ್ದಿ ಬಾಚುವ ಕೆಲಸ. ಪಾಠ ನಡೆಯುವಾಗ ಗೋಡೆಯಾಚೆ ಬುಟ್ಟಿ ಹಿಡಿದು ನಿಂತು, ಕುದುರೆಗೆ ಹೊಟ್ಟೆನೋವು ಬಂದರೆ ಏನು ಮಾಡಬೇಕು, ಜೀನು ಎಲ್ಲಿ ಉಜ್ಜುತ್ತದೆ, ಎಲ್ಲ ಕಲಿತಿದ್ದಳು. ದಣಿ ಊಟಕ್ಕೆ ಹೋದಾಗ ಸವಾರಿಯನ್ನೂ ಕಲಿತಿದ್ದಳು.

"ಬಾ ಇಲ್ಲಿ. ಈ ಪ್ಯಾಂಟು, ಕೋಟು, ಹೆಲ್ಮೆಟ್ಟು ಹಾಕ್ಕೋ."

"ಎಂತಕ್ಕೆ ದಣೇರೇ?"

"ಶಿವಮೊಗ್ಗದಿಂದ ಸಾಹೇಬ್ರು ಬರ್ತಾರೆ. ಎಸ್ಸಿ ಹೆಣ್ಣುಮಕ್ಕಳಿಗೆ ಸರ್ಕಾರದ ದುಡ್ಡಲ್ಲಿ ಪುಕ್ಕಟೆ ಕೋರ್ಸು. ಪುಸ್ತಕದಲ್ಲಿ ಎರಡು ವರ್ಷದಿಂದ ನೀನೇ ವಿದ್ಯಾರ್ಥಿನಿ. ಬಾಯಿ ಬಿಟ್ಟೀಯ ಮತ್ತೆ!"

ತಾನು ಓದುತ್ತಿದ್ದೇನೆಂದು ಹೂವಮ್ಮನಿಗೆ ಗೊತ್ತಾದದ್ದೇ ಆಗ. ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಅವ್ವ ಸತ್ತ ದಿನವೂ ಬಂದಿದ್ದಳಂತೆ.

ದಣಿಯ ಮಗಳ ಪ್ಯಾಂಟು ಸೊಂಟ ದಾಟಲಿಲ್ಲ. ಹಗ್ಗ ಬಿಗಿದು ಮೇಲೆ ಕೋಟು ಮುಚ್ಚಿದಳು. ತುರುಬಿನ ಮೇಲೆ ಕೂತ ಹೆಲ್ಮೆಟ್ಟು ಕುದಿಯುವ ಅನ್ನದ ಮುಚ್ಚಳದಂತೆ ಕುಣಿಯುತ್ತಿತ್ತು.

ಅಧಿಕಾರಿ ಕಾಂತರಾಜ್ ಬಂದದ್ದೇ ಮಧುಸೂದನ ತನ್ನ ಗತ್ತು ತೋರಿಸಲು ತಾನೇ ಡ್ಯೂಕನನ್ನೇರಿದ.

"ವಾಕ್ ಆನ್, ಡ್ಯೂಕ್!"

ಡ್ಯೂಕ್ ಹುಲ್ಲು ತಿಂದಿತು.

"ಟ್ರಾಟ್!"

ಡ್ಯೂಕ್ ಬಾಲವೆತ್ತಿ ಲದ್ದಿ ಹಾಕಿತು.

ಹೂವಮ್ಮನಿಗೆ ತಡೆಯಲಾಗಲಿಲ್ಲ. "ಥೂ ಸೂಳೆಮಗನೇ, ನಿನ್ ಹೊಟ್ಟೆ ಸೇದಿಹೋಗ! ನಡಿಯಲಾ!"

ಡ್ಯೂಕ್ ಕಿವಿ ನಿಮಿರಿಸಿ ಒಮ್ಮೆಗೇ ಹೊರಟಿತು. ಮಧುಸೂದನ ಹೊರಡಲಿಲ್ಲ; ನೆಲದಲ್ಲಿದ್ದ.

ಕಾಂತರಾಜ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಭಾರಿ ಕಲಿಸಿದೀರಿ ಇವ್ರಿಗೆ!" ಎಂದು ಸರ್ಟಿಫಿಕೇಟಿಗೆ ಸಹಿ ಹಾಕಿ ದಣಿಯ ಕೈಗೆ ಕೊಟ್ಟು ಕಾರು ಹತ್ತಿದರು.

ಕಾರು ಮರೆಯಾಯಿತು. "ಬಿಚ್ಚು ಪ್ಯಾಂಟು. ಬುಟ್ಟಿ ತಗೋ," ಎಂದ ಮಧುಸೂದನ.

"ಆ ಕಾಗ್ದ ಕೊಡಿ ದಣೇರೇ. ನನ್ ಹೆಸರೈತಲ್ಲ ಅದ್ರಾಗೆ."

"ಹೆಸರು ನಿಂದು, ಕಾಗದ ನಂದು. ಹೋಗೇ ಮುಂಡೇದೇ."

ಹೂವಮ್ಮ ಬೇಲಿಯ ಪಕ್ಕ ಮೇಯುತ್ತಿದ್ದ ಡ್ಯೂಕನ ಲಗಾಮು ಹಿಡಿದಳು. ಆಮೇಲೆ ಜೀನಿನ ರಿಕಾಪಿಗೆ ಕಾಲಿಟ್ಟು ಅದರ ಬೆನ್ನೇರಿದಳು.

"ಏ! ಇಳಿಯೇ! ಪೊಲೀಸಿಗೆ ಹೇಳ್ತೀನಿ!"

"ಹೇಳಿ. ನಾನೂ ಹೇಳಕೇ ಹೊಂಟೀನಿ."

ರೈಲ್ವೆ ಗೇಟು ಬಿದ್ದಿತ್ತು. ಸಾಹೇಬರ ಕಾರು ಎಲ್ಲಕ್ಕಿಂತ ಮುಂದೆ ನಿಂತಿತ್ತು. ಅವಳು ಬಗ್ಗಿ ಗಾಜು ಬಡಿದಳು. ಅಷ್ಟರಲ್ಲಿ ರೈಲು ದಾಟಿ ಗೇಟು ಎದ್ದಿತು. ಹೂವಮ್ಮ ಕುದುರೆಯನ್ನು ಕಾರಿಗೆ ಅಡ್ಡಲಾಗಿ ನಿಲ್ಲಿಸಿದಳು.

"ಇಳೀರಿ ಸಾಹೇಬ್ರೇ. ಮಾತೈತೆ."

ಹಿಂದಿದ್ದ ಸಾಗರದ ಬಸ್ಸು ಹಾರ್ನ್ ಬಾರಿಸಿತು. ಅದರ ಹಿಂದಿನ ಲಾರಿಯೂ ಬಾರಿಸಿತು.

"ಬಡ್ಕಳಿ, ಬಡ್ಕಳಿ," ಹೂವಮ್ಮ ಕುದುರೆಯ ಮೇಲಿಂದಲೇ ಕೂಗಿದಳು. "ನಾ ಹೇಳಿ ಮುಗಿಸೋ ತನಕ ಒಂದು ಗಾಡೀನೂ ಹೋಗಾದಿಲ್ಲ!"