ದೊರೆ ಹಂಚಿದ ಬಣ್ಣಗಳು

ಗಾಢ ಕೆಂಪಿನ ಚೀಟಿ ಬಿದ್ದಿದ್ದ ಬಟ್ಟಲಿಗೆ ನನ್ನ ಮಗ ಬಾಟಲಿ ಹಸಿರಿನ ಚೀಟಿ ತಂದು ಹಾಕಿದ. ಹಾಕಿ, ದಿನದ ಕೆಲಸ ಮುಗಿಸಿದ ಗುಮಾಸ್ತನ ಹಾಗೆ ಎರಡೂ ಕೈ ಕೊಡವಿಕೊಂಡ.

"ಅಲ್ಲ ದೊರೆ, ಇದು ಹಸಿರು. ಹಸಿರು ಆ ಬಟ್ಟಲಿಗೆ."

"ಇಲ್ಲಿ."

"ಅಲ್ಲಿ ಕಣೋ."

"ಇಲ್ಲೀ!"

ಆಸ್ಥಾನದ ತೀರ್ಪು ಹೊರಬಿತ್ತು. ಮೂರು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿದೆ; ಮಾತಾಡಲು ಕಲಿತಾಗಿನಿಂದ ಅಪ್ಪಣೆ ಕೊಡಿಸುವುದನ್ನು ಬಿಟ್ಟು ಬೇರೇನೂ ಮಾಡಿಲ್ಲ. ಅದಕ್ಕೇ ಮನೆಯಲ್ಲಿ ಅವನಿಗೆ ದೊರೆ ಎಂದು ಹೆಸರು.

ಅವನಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ, ಬೆಳಕು ಹರಿಯುವ ಹೊತ್ತಿಗೆ ಮನೆ ಬಿಡುತ್ತಾಳೆ. ನನ್ನ ಅಂಗಡಿ ತೆರೆಯುವುದು ತಡವಾಗಿ. ಅವನನ್ನು ಶಿಶುವಿಹಾರಕ್ಕೆ ಬಿಡುವ ತನಕ ಬೆಳಗಿನ ಹೊತ್ತು ನಾನೇ ಅವನ ಮೇಷ್ಟ್ರು, ನಾನೇ ಆಯಾ. ಟಿವಿ ಮುಂದೆ ಕೂರಿಸಬಾರದು, ಕೈಗೆ ಕೆಲಸ ಕೊಡಬೇಕು ಎಂಬುದು ಅವನಮ್ಮನ ಆಜ್ಞೆ. ಹಾಗಾಗಿ ನೀರನ್ನು ಮಗ್ಗಿನಿಂದ ಮಗ್ಗಿಗೆ ಸುರಿಯುವ ಆಟ ಆಡಿದ್ದೇವೆ. ಡಬ್ಬಿಯ ಅಂಚಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸುವ ಆಟ ಆಡಿದ್ದೇವೆ. ಬಕೆಟ್ಟಿನಲ್ಲಿ ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಎಂದು ನೋಡುವ ಆಟವೂ ಆಯಿತು. ಚಮಚ ಮುಳುಗುತ್ತದೆ, ಬಾಚಣಿಗೆ ತೇಲುತ್ತದೆ ಎಂದು ಅವನು ಕಲಿತ. ಫೋನ್ ಮುಳುಗುತ್ತದೆ ಎಂದು ಇಬ್ಬರೂ ಕಲಿತೆವು.

ಬಣ್ಣದ ಆಟ ಮಾತ್ರ ನನ್ನ ಸ್ವಂತ ಆಸೆಯದು.

ನಾನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಗೋಡೆಯಿಂದ ಉದುರಿದ ಚಕ್ಕೆಯನ್ನೋ ಪರದೆಯ ಚೂರನ್ನೋ ಹಿಡಿದುಕೊಂಡು ಗಿರಾಕಿಗಳು ಬರುತ್ತಾರೆ. ಒಮ್ಮೆ ಒಬ್ಬಾಕೆ ತನ್ನ ಹೆಬ್ಬೆರಳಿನ ಉಗುರನ್ನೇ ಮುಂದೆ ಚಾಚಿ, "ಮಲಗೋ ಕೋಣೆಗೆ ಇದೇ ಬೇಕು" ಅಂದಿದ್ದಳು. ಯಂತ್ರ ಅಳತೆ ಹೇಳುತ್ತದೆ. ಆದರೆ ಕೊನೆಯ ಹನಿ ನನ್ನದು. ರಟ್ಟಿನ ಮೇಲೆ ಸವರಿ, ಒಣಗಿಸಿ, ಬಾಗಿಲ ಬೆಳಕಿಗೆ ಹಿಡಿದು, ಸ್ವಲ್ಪ ಕಪ್ಪು ಬೇಕು, ಕೂದಲೆಳೆಯಷ್ಟು ಹಳದಿ ಬೇಕು ಎಂದು ಸೇರಿಸುತ್ತೇನೆ. "ಯಂತ್ರ ಸುಳ್ಳು ಹೇಳಬಹುದು, ಇವನ ಕಣ್ಣು ಹೇಳಲ್ಲ" ಎಂದು ಮಾಲೀಕರು ಗಿರಾಕಿಗಳ ಮುಂದೆ ಹೇಳುವಾಗ ಮೈಗೆ ಒಂದು ಸುತ್ತು ಮಾಂಸ ಬಂದ ಹಾಗಾಗುತ್ತದೆ. ಮಗನಿಗೆ ಬಿಟ್ಟುಹೋಗಲು ನನ್ನ ಬಳಿ ಬೇರೇನಿದೆ? ಈ ಕಣ್ಣು ಅವನಿಗೆ ಬರಲಿ ಎಂಬುದೇ ಆಸೆ. ಬಣ್ಣದ ಮಾದರಿಗಳಿರುವ ಹೊಸ ಶೇಡ್ ಪುಸ್ತಕ ಬಂದಾಗ ಬಿಸಾಡಿದ ಹಳೆಯದನ್ನು ಮನೆಗೆ ತಂದು ಚೀಟಿಗಳಾಗಿ ಕತ್ತರಿಸಿ, ಅವನು ಬಾಯಿಗಿಟ್ಟರೂ ಕರಗದಂತೆ ಟೇಪ್ ಸುತ್ತಿದೆ. ನಾಲ್ಕು ಸ್ಟೀಲ್ ಬಟ್ಟಲು. ಒಂದೊಂದಕ್ಕೂ ಮೊದಲ ಚೀಟಿ ನಾನು ಹಾಕುತ್ತೇನೆ: ಗಾಢ ಕೆಂಪು, ಎಳೆ ಹಸಿರು, ಹಳದಿ, ನೀಲಿ. ಉಳಿದವುಗಳನ್ನು ಅದರದರ ಮನೆಗೆ ಸೇರಿಸುವುದು ಅವನ ಕೆಲಸ.

ಹಳದಿ, ನೀಲಿಯಲ್ಲಿ ಅವನು ಎಡವಿದ್ದೇ ಇಲ್ಲ. ಎಡವಟ್ಟೆಲ್ಲ ಉಳಿದೆರಡು ಬಟ್ಟಲುಗಳದ್ದು. ಕೆಂಪಿನ ಬಟ್ಟಲಿಗೆ ಇಟ್ಟಿಗೆ ಬಣ್ಣ ಹೋಗುತ್ತಿತ್ತು, ಸರಿ. ಜೊತೆಗೆ ಕಂದು, ಬಾಟಲಿ ಹಸಿರು ಕೂಡ. ಎಳೆ ಹಸಿರಿನ ಬಟ್ಟಲಿಗೆ ತೆಳು ಗುಲಾಬಿ, ಬೂದಿ ಬಣ್ಣ. ನಾನು ತಿದ್ದಿ ಹಾಕಿದರೆ, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ನನ್ನ ಚೀಟಿಯನ್ನಷ್ಟೇ ಹುಡುಕಿ ತೆಗೆದು ಎಸೆಯುತ್ತಿದ್ದ.

ಮೊದಲು ಹಠ ಅಂದುಕೊಂಡೆ. ನಮ್ಮ ವಂಶದಲ್ಲಿ ಅದಕ್ಕೇನೂ ಬರವಿಲ್ಲ. ಆಮೇಲೆ, ಬಟ್ಟಲು ಇಟ್ಟ ಜಾಗದ ಮೇಲೆ ಲೆಕ್ಕ ಇಟ್ಟುಕೊಂಡಿರಬಹುದು ಎನಿಸಿ ಬಟ್ಟಲುಗಳನ್ನು ಅದಲುಬದಲು ಮಾಡಿದೆ. ದೊರೆ ಕ್ಯಾರೇ ಅನ್ನಲಿಲ್ಲ. ಚೀಟಿಯ ವಾಸನೆಯೋ? ಬಗ್ಗಿ ಮೂಸಿ ನೋಡಿದೆ. ಅವನೂ ನನ್ನನ್ನು ನೋಡಿ ಎಲ್ಲವನ್ನೂ ಮೂಸಿ, ಮತ್ತೆ ಮೊದಲಿನಂತೆಯೇ ಹಂಚಿದ. ಚೀಟಿಗಳನ್ನು ಕಲಸಿ ರಾಶಿ ಹಾಕಿ ಮರುದಿನ ಕೊಟ್ಟೆ. ಅದೇ ಗುಲಾಬಿ ಅದೇ ಬೂದಿಯ ಪಕ್ಕಕ್ಕೆ ಹೋಯಿತು. ತುಂಟತನಕ್ಕೆ ಮಾಡುವವನು ದಿನಕ್ಕೊಂದು ತರಹ ಮಾಡುತ್ತಾನೆ. ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ. ಇವನ ಬಳಿ ಏನೋ ನಿಯಮವಿದೆ, ಅದು ನನಗೆ ಕಾಣುತ್ತಿಲ್ಲ.

ಹೀಗೆ ತಲೆಗೆ ಹುಳ ಬಿಟ್ಟುಕೊಂಡವನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಭಾವಮೈದ ನೆನಪಾದ. ಬ್ರಷ್ಷು ಬಾಯಲ್ಲೇ ನಿಂತಿತು.

ಭಾವಮೈದ, ಅಂದರೆ ನನ್ನ ಹೆಂಡತಿಯ ತಮ್ಮ, ಪಕ್ಕದ ರಸ್ತೆಯಲ್ಲಿ ಸಲೂನು ಇಟ್ಟಿದ್ದಾನೆ. ಕತ್ತರಿ ಹಿಡಿದರೆ ಮಾಂತ್ರಿಕ. ಆದರೆ ಕೂದಲಿಗೆ ಬಣ್ಣ ಹಚ್ಚುವ ಕೆಲಸ ಮುಟ್ಟುವುದಿಲ್ಲ. ಹಿಂದೊಮ್ಮೆ ನಿವೃತ್ತ ಪೊಲೀಸಿನವರೊಬ್ಬರ ತಲೆಗೆ ಕಂದು ಎಂದು ಏನೋ ಹಚ್ಚಿದಾಗ, ಅವರು ಪಾಚಿಗಟ್ಟಿದ ತೊಟ್ಟಿಯ ಹಾಗೆ ಮನೆಗೆ ಹೋಗಿ, ಅಲ್ಲಿಂದ ಅವರ ಹೆಂಡತಿಯೊಂದಿಗೆ ವಾಪಸು ಬಂದಿದ್ದರು. ಅವನಿಗೆ ಕೆಂಪು, ಹಸಿರು, ಕಂದಿನ ವ್ಯತ್ಯಾಸ ತಿಳಿಯುವುದಿಲ್ಲ, ಹುಟ್ಟಿನಿಂದಲೇ ಹಾಗೆ. ಹರೆಯದಲ್ಲಿ ರೈಲು ಓಡಿಸುವ ಕೆಲಸಕ್ಕೆ ಹೋದಾಗ, ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ತೋರಿಸಿ ಮನೆಗೆ ಕಳಿಸಿದ್ದರಂತೆ. ತಾಯಂದಿರಿಗೆ ಏನೂ ಆಗದೆ, ಅವರ ಮೂಲಕ ಗಂಡುಮಕ್ಕಳಿಗೆ ಇಳಿಯುತ್ತದೆ ಎಂದು ಆಗ ಡಾಕ್ಟರು ಹೇಳಿದ್ದನ್ನು ಅವನೇ ನಗುನಗುತ್ತ ನನಗೆ ಹೇಳಿದ್ದ.

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹೆಂಡತಿಗೆ ಹೇಳಿದರೆ "ನಿನ್ನ ತವರಿನ ಉಡುಗೊರೆ" ಅಂದ ಹಾಗೆ ಆಗುತ್ತದೆ. ಅವಳು ಸಂಜೆ ಬಂದು "ಬಣ್ಣದ ಪಾಠ ಎಲ್ಲಿವರೆಗೆ ಬಂತು?" ಅಂದರೆ "ನಡೀತಿದೆ" ಅನ್ನುತ್ತಿದ್ದೆ. ಹೇಳದೆ ಉಳಿದರೆ ಸುಳ್ಳಾಗಬಹುದು ಎಂಬ ಆಸೆಯೂ ಇತ್ತೇನೋ.

ನಮ್ಮ ಅಂಗಡಿಗೂ ಅವನ ಸಲೂನಿಗೂ ವಾರದ ರಜೆ ಒಂದೇ ದಿನ. ಆ ದಿನ ಮಧ್ಯಾಹ್ನ ಕಳೆದ ಮೇಲೆ ಅವನು ಅಳಿಯನ ಕೂದಲು ಕತ್ತರಿಸಲು ಬಂದ.

"ಏನ್ ಭಾವ, ರಜಾ ದಿನಾನೂ ಮುಖಕ್ಕೆ ಪ್ರೈಮರ್ ಹೊಡ್ಕೊಂಡು ಕೂತಿದ್ದೀರಾ? ಕಳೇನೇ ಇಲ್ಲ."

"ನಿದ್ದೆ ಇಲ್ಲ ಮಾರಾಯ. ನಿನ್ನ ಅಳಿಯ ಬಿಟ್ಟರೆ ತಾನೆ."

"ಮಾಮ, ಕೂತ್ಕೋ," ಎಂದು ದೊರೆ ನೆಲ ತೋರಿಸಿದ. ಕತ್ತರಿ ಚೀಲದಲ್ಲೇ ಉಳಿಯಿತು. ಬಟ್ಟಲುಗಳು ಹೊರಬಂದವು. ನಾನು ಎಂದಿನಂತೆ ಮೊದಲ ಚೀಟಿಗಳನ್ನು ಹಾಕಿಕೊಟ್ಟು ಟೀ ಇಡಲು ಒಳಗೆ ಹೋದೆ.

ಒಲೆಯ ಮುಂದೆ ನಿಂತಾಗ ಏನೋ ಕೊರತೆ ಅನಿಸಿತು. ಕಿವಿಗೊಟ್ಟೆ. ಹೊರಗಿನಿಂದ "ಇಲ್ಲೀ!" ಎಂಬ ಕೂಗು ಬರುತ್ತಿಲ್ಲ. ಚೀಟಿ ಬಟ್ಟಲಿಗೆ ಬೀಳುವ ಟಕ್ ಸದ್ದು, ಮತ್ತೊಂದು ಟಕ್. ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲ ಎಂದರೆ ಓಡಿಹೋಗಿ ನೋಡಬೇಕು. ನೋಡಿದೆ.

ಇಬ್ಬರೂ ಎದುರುಬದುರು ಕೂತಿದ್ದಾರೆ. ಮಾಮ ಒಂದು ಹಾಕುತ್ತಾನೆ, ಅಳಿಯ ಒಂದು ಹಾಕುತ್ತಾನೆ. ಮಾಮ ಕಂದು ಹಾಕಿದ, ಗಾಢ ಕೆಂಪಿನ ಮೇಲೆ. ದೊರೆ ಬಗ್ಗಿ ನೋಡಿ ತಲೆಯಾಡಿಸಿದ. ದೊರೆ ತೆಳು ಗುಲಾಬಿ ಹಾಕಿದ, ಎಳೆ ಹಸಿರಿನ ಮೇಲೆ. ಮಾಮ "ಭೇಷ್" ಅಂದ. ಒಂದು ಚೀಟಿಯೂ ಹೊರಗೆ ಹಾರಲಿಲ್ಲ. ನನ್ನೊಂದಿಗೆ ಇಷ್ಟು ದಿನ ಜಗಳವಾಡಿಕೊಂಡೇ ಆಡಿದ ಮಗು, ಕೊನೆಗೂ ಆಟ ಬಲ್ಲವನೊಬ್ಬ ಸಿಕ್ಕಿದ ನೆಮ್ಮದಿಯಲ್ಲಿ ಕಾಲು ಚಾಚಿ ಕೂತಿತ್ತು.

ಒಳಗೆ ಟೀ ಉಕ್ಕಿತು. ಒಲೆ ಆರಿಸಿ ಬಂದು ಬಾಗಿಲಲ್ಲೇ ನಿಂತೆ.

"ನೀನು ಯಾವ ಲೆಕ್ಕದಲ್ಲಿ ಹಾಕ್ತಿದ್ದೀಯ?"

"ಇದರಲ್ಲಿ ಲೆಕ್ಕ ಏನ್ ಬಂತು ಭಾವ? ಕಪ್ಪಗಿರೋದು ಇಲ್ಲಿ, ತಿಳಿಯಾಗಿರೋದು ಅಲ್ಲಿ. ಹಳದಿ ಹಳದಿಗೆ, ನೀಲಿ ನೀಲಿಗೆ. ಹುಡುಗ ಚೆನ್ನಾಗೇ ಕಲಿತಿದ್ದಾನೆ..." ನನ್ನ ಮುಖ ನೋಡಿ ಅವನ ಮಾತು ನಿಧಾನವಾಯಿತು. ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ನೋಡಿದ. "ತಪ್ಪಾ ಇದು?"

"ಆ ಎರಡು ಬಟ್ಟಲಲ್ಲಿ ಮುಕ್ಕಾಲು ಪಾಲು."

ಅವನು ಬಟ್ಟಲುಗಳನ್ನು ನೋಡಿದ, ಅಳಿಯನನ್ನು ನೋಡಿದ. ಕತ್ತರಿ ಆಡಿಸುವ ಬೆರಳುಗಳು ಮಗುವಿನ ತಲೆಯ ಮೇಲೆ ಹೋಗಿ ನಿಂತವು.

"ಹಾಗಾದ್ರೆ ಇವನೂ ನಮ್ಮ ಪಾರ್ಟಿ," ಎಂದ. ನಾನು ನಗಲಿಲ್ಲ. "ಭಾವ, ನಾನೇನು ಗೋಡೆ ತಡವಿಕೊಂಡು ನಿಮ್ಮನೆಗೆ ಬಂದ್ನಾ? ಯಾಕ್ರೀ ಮುಖ ಹಾಗೆ?"

"ನನ್ನ ಕಣ್ಣು ಇವನಿಗೆ ಬರುತ್ತೆ ಅಂದ್ಕೊಂಡಿದ್ದೆ ಕಣೋ."

ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು. ಹೇಳಿದ ಮೇಲೆ ಚಿಕ್ಕ ಮಾತು ಅನಿಸಿತು. ಅವನು ಗೇಲಿ ಮಾಡಲಿಲ್ಲ. ಜರುಗಿ ಜಾಗ ಕೊಟ್ಟ. ಕೂತೆ.

ಮದುವೆಯಾಗಿ ಇಷ್ಟು ವರ್ಷ ಅವನ ಬಣ್ಣ ಹೊಂದದ ಕಾಲ್ಚೀಲಗಳ ಬಗ್ಗೆ, ಪೊಲೀಸಿನವರ ಹಸಿರು ತಲೆಯ ಬಗ್ಗೆ ನಕ್ಕಿದ್ದೇನೆಯೇ ಹೊರತು ಒಂದು ಪ್ರಶ್ನೆ ಕೇಳಿರಲಿಲ್ಲ. ಈಗ ಗಾಢ ಕೆಂಪಿನ ಚೀಟಿ ಎತ್ತಿ ಕೇಳಿದೆ. "ಇದು ನಿನಗೆ ಹೇಗೆ ಕಾಣುತ್ತೆ?"

"ನಿಮಗೆ ಹೇಗೆ ಕಾಣುತ್ತೆ ಅಂತ ಮೊದಲು ಹೇಳಿ, ಆಮೇಲೆ ನಾನು ಹೇಳ್ತೀನಿ."

"ಕೆಂಪಗೆ."

"ಕೆಂಪಗೆ ಅಂದ್ರೆ?"

"ಅಂದ್ರೆ... ಬಿಸಿ. ಎದ್ದು ಬರೋ ಹಾಗೆ. ಅಂದ್ರೆ ಕೆಂಪು ಕಣಯ್ಯಾ!"

"ನೋಡಿದ್ರಾ? ದಿನವೆಲ್ಲ ಡಬ್ಬಿಗಟ್ಟಲೆ ಮಾರ್ತೀರಿ, ಏನು ಅಂತ ಹೇಳೋಕ್ಕಾಗಲ್ಲ," ಎಂದು ಅವನು ತೊಡೆ ತಟ್ಟಿಕೊಂಡ. ಏನೂ ಅರ್ಥವಾಗದ ದೊರೆಯೂ ತೊಡೆ ತಟ್ಟಿಕೊಂಡ.

ಮಾತಾಡುತ್ತ ಹೊತ್ತು ಸರಿಯಿತು. ಕಿಟಕಿಯ ಬೆಳಕು ಇಳಿಯಿತು. ಚೀಟಿಗಳ ರಾಶಿ ಕರಗುತ್ತ ಬಂದಿತ್ತು, ಆಟ ನಿಲ್ಲಿಸಲು ದೊರೆಯ ಅಪ್ಪಣೆ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ದೀಪ ಹಾಕಲು ಹೋದವನು ಹಿಂತಿರುಗಿ ನೋಡಿದೆ. ಕೈ ಸ್ವಿಚ್ಚಿನ ಮೇಲೇ ಉಳಿಯಿತು.

ಬಣ್ಣಗಳು ಹೋಗಿದ್ದವು. ಮುಸ್ಸಂಜೆಯ ಮಬ್ಬಿನಲ್ಲಿ ಕೆಂಪು ಕೆಂಪಾಗಿರಲಿಲ್ಲ, ಹಸಿರು ಹಸಿರಾಗಿರಲಿಲ್ಲ. ಇಷ್ಟು ದಿನ ಕಲಸುಮೇಲೋಗರ ಎಂದುಕೊಂಡಿದ್ದ ಮೊದಲ ಬಟ್ಟಲು ಪೂರ್ತಿ ಒಂದೇ ಗಾಢ ನೆರಳಾಗಿತ್ತು. ಇಟ್ಟಿಗೆ ಯಾವುದು, ಕಂದು ಯಾವುದು, ಬಾಟಲಿ ಹಸಿರು ಯಾವುದು ಎಂದು ಹೇಳಲು ನನ್ನಿಂದಲೇ ಆಗಲಿಲ್ಲ. ಪಕ್ಕದ ಬಟ್ಟಲು ಪೂರ್ತಿ ಒಂದೇ ತಿಳಿ ಬೂದಿ. ಒಂದು ಚೀಟಿಯೂ ಹೊಂದದೆ ನಿಂತಿರಲಿಲ್ಲ. ನನ್ನ ಮಗ ಒಂದು ಸಲವೂ ತಪ್ಪಿರಲಿಲ್ಲ. ಅವನ ನಿಯಮವನ್ನು ನೋಡಲು ಬಣ್ಣವೇ ನನಗೆ ಅಡ್ಡ ನಿಂತಿತ್ತು.

"ಬಾ ಇಲ್ಲಿ, ಇಲ್ಲಿಂದ ನೋಡು," ಎಂದು ಭಾವಮೈದನನ್ನು ಕರೆದೆ.

"ನಾನೇನ್ ನೋಡೋದು? ನನಗೆ ಆಗಲೂ ಹೀಗೇ ಇತ್ತು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವನಮ್ಮ ಬಂದಳು.

"ಏನ್ರೀ ಇದು, ಮೂರೂ ಜನ ಕತ್ತಲಲ್ಲಿ? ಕರೆಂಟ್ ಬಿಲ್ ಉಳಿಸೋ ಯೋಜನೆನಾ?"

"ದೀಪ ಹಾಕ್ಬೇಡ. ಚಪ್ಪಲಿ ಬಿಟ್ಟು ಬಂದು ಇಲ್ಲಿ ನಿಂತ್ಕೋ. ಬಟ್ಟಲು ನೋಡು."

ನೋಡಿದಳು. ಹೇಳಿದೆ. ಬಾಯಿಯ ಬೀಗ ತೆಗೆದ ಮೇಲೆ ಎಲ್ಲವೂ ಹೊರಬಂತು: ಬಾಟಲಿ ಹಸಿರು, ಮೂಸಿ ನೋಡಿದ್ದು, ಟೀ ಉಕ್ಕಿದ್ದು. ಅವಳ ಮುಖ ಮಬ್ಬಿನಲ್ಲಿ ಕಾಣಲಿಲ್ಲ. ಬ್ಯಾಗು ಹೆಗಲಿನಿಂದ ಇಳಿಯುವ ಸದ್ದು ಮಾತ್ರ ಕೇಳಿತು.

"ಖಚಿತನಾ?"

"ಇನ್ನೊಂದಿಷ್ಟು ದೊಡ್ಡವನಾದ ಮೇಲೆ ಡಾಕ್ಟರು ನೋಡಿದ್ರೆ ಖಚಿತ. ನನಗಂತೂ ಅನುಮಾನ ಉಳಿದಿಲ್ಲ."

"ನನ್ನ ಕಡೆಯಿಂದ್ಲೇ ಬಂತು, ಅಲ್ವಾ."

ಅವಳ ತಮ್ಮ ನಡುವೆ ಬಾಯಿ ಹಾಕಿದ. "ಅಕ್ಕ, ಭಾವನ ಮೂಗು ಬಂದಿದೆಯಲ್ಲ ಇವನಿಗೆ. ಅದರ ಮುಂದೆ ಇದೇನ್ ಮಹಾ!"

ಅವಳು ಕಿಸಕ್ಕೆಂದಳು, ಮೂಗು ಒರೆಸಿಕೊಂಡಳು. ತಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಚಿಕ್ಕಂದಿನಿಂದ ಜೊತೆಗೆ ಬೆಳೆದವಳು, ಅವಳೂ ಮೊದಲ ಸಲ ಕೇಳುತ್ತಿದ್ದಳು. "ಟೊಮೆಟೊ ಹಣ್ಣಾಗಿದೆಯೋ ಇಲ್ವೋ ನಿನಗೆ ಹೇಗೋ ಗೊತ್ತಾಗುತ್ತೆ?"

"ಒತ್ತಿ ನೋಡ್ತೀನಿ. ತರಕಾರಿಯವಳು ಬೈತಾಳೆ, ಬೈಸ್ಕೋತೀನಿ."

"ರಸ್ತೆ ಸಿಗ್ನಲ್ಲು?"

"ಮೇಲಿನ ದೀಪ ಹತ್ತಿದ್ರೆ ನಿಲ್ಲೋದು, ಕೆಳಗಿನದು ಹತ್ತಿದ್ರೆ ಹೋಗೋದು. ಯಾಕೆ, ನೀವೆಲ್ಲ ಬೇರೆ ತರ ನೋಡ್ತೀರಾ?"

ಪ್ರಶ್ನೆ ಮೇಲೆ ಪ್ರಶ್ನೆ ಶುರುವಾಯಿತು. ದೊರೆಗೆ ತಡೆಯಲಾಗಲಿಲ್ಲ. ತನ್ನ ಆಟದ ನಡುವೆ ದೊಡ್ಡವರ ಪಂಚಾಯಿತಿ! ರಾಶಿಯಲ್ಲಿ ಉಳಿದಿದ್ದ ಚೀಟಿಯೊಂದನ್ನು ತಂದು ನನ್ನ ಅಂಗೈಗೆ ಒತ್ತಿದ.

"ಅಪ್ಪ, ಹಾಕು."

ಹಿಡಿದು ನೋಡಿದೆ. ಯಾವ ಬಣ್ಣವೋ ಆ ಬೆಳಕಿನಲ್ಲಿ ತಿಳಿಯಲಿಲ್ಲ. ಕಪ್ಪಗಿದೆ ಎಂದು ಮೊದಲ ಬಟ್ಟಲಿಗೆ ಹಾಕಿ, ಅವನ ಮುಖ ನೋಡಿದೆ. ಅವನು ಬಟ್ಟಲಿನ ಮೇಲೆ ಮೂಗು ತಾಗುವಷ್ಟು ಬಗ್ಗಿದ. ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿಲ್ಲ. ಚೀಟಿಯನ್ನು ಎತ್ತಿ ಮತ್ತೆ ನನ್ನ ಕೈಯಲ್ಲೇ ಇಟ್ಟ.

"ಊಹೂಂ. ನೋಡಿ ಹಾಕು."

ಅವನಮ್ಮ ದೀಪ ಹಾಕಲು ಏಳಹೊರಟಳು. ಸ್ವಲ್ಪ ತಡಿ ಅಂದೆ. ಗಾಢ ನೀಲಿಯೂ ಇದ್ದೀತು. ಚೀಟಿಯನ್ನು ಒಂದೊಂದು ಬಟ್ಟಲಿನ ಪಕ್ಕಕ್ಕೂ ಹಿಡಿದು ನೋಡತೊಡಗಿದೆ.