ಕಿವಿ ತೆರೆದ ಮೇಲೆ

ನಿವೃತ್ತ ಬಸ್ ಚಾಲಕರಿಗೆ ಕಿವಿ ಮಂದವಾಗಿ ವರ್ಷ ಕಳೆದಿತ್ತು. ಅವರು ಮಾತ್ರ, "ನನ್ನ ಕಿವಿ ಸರಿಯಾಗೇ ಇದೆ, ನೀವೆಲ್ಲ ಗೊಣಗ್ತೀರಿ," ಎಂದು ಮನೆಮಂದಿಯನ್ನೇ ದೂರುತ್ತಿದ್ದರು. ಕೂಗಿ ಕೂಗಿ ಗಂಟಲು ಒಣಗಿದ ಹೆಂಡತಿ ಕೊನೆಗೂ ಅವರನ್ನು ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು.

ಡಾಕ್ಟರು ದೀಪ ಹಿಡಿದು ಇಣುಕಿ ನಕ್ಕರು. "ವಯಸ್ಸಿನ ದೋಷ ಸ್ವಲ್ಪವೇ ಅಮ್ಮಾ. ಉಳಿದದ್ದೆಲ್ಲ ಗುಗ್ಗೆ." ಎರಡೂ ಕಿವಿಯಿಂದ ಬಟಾಣಿ ಗಾತ್ರದ ಗುಗ್ಗೆ ಹೊರಬಂತು.

ಮನೆಗೆ ಬಂದ ಹೆಂಡತಿ ಅಡುಗೆಮನೆಯಲ್ಲಿ ರೂಢಿಯಂತೆ, "ಒದ್ದೆ ಟವೆಲ್ ಮತ್ತೆ ಹಾಸಿಗೆ ಮೇಲೇ! ದೇವರೇ ಬುದ್ಧಿ ಕೊಡಬೇಕು," ಎಂದು ತಮ್ಮಷ್ಟಕ್ಕೇ ಗೊಣಗಿಕೊಂಡರು.

"ಕೊಡ್ತಾನೆ ಬಿಡೇ, ಏನವಸರ?" ಎಂದು ಹಜಾರದಿಂದ ಉತ್ತರ ಬಂತು.

ಹೆಂಡತಿಯ ಕೈಯಿಂದ ಸೌಟು ಜಾರಿತು. ಇನ್ನು ಗೊಣಗುವ ಸುಖಕ್ಕೂ ಸಂಚಕಾರ!

ಸಂಜೆ ಗಂಡನ ಪಕ್ಕ ಕುಳಿತು, ದನಿ ತಗ್ಗಿಸಿ ಹೇಳಿದರು: "ರೀ, ನನಗೆ ಮಂಡಿ ತುಂಬಾ ನೋಯ್ತಿದೆ." ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುವ ಮಾತೇ ಅದು? ಅದಕ್ಕೇ ಇಷ್ಟು ದಿನ ನುಂಗಿಕೊಂಡಿದ್ದರು.

ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಹೊರಟ ಗಂಡನಿಗೆ ಹೆಂಡತಿಯ ಮುಖ ನೋಡಿ ಕಾರಣ ಹೊಳೆಯಿತು. ಎದ್ದು ಹೋಗಿ ಬಿಸಿನೀರಿನ ಚೀಲ ತುಂಬಿಸಿ ತಂದು ಮಂಡಿಯ ಮೇಲಿಟ್ಟು, "ನಾಳೆ ತೋರಿಸ್ಕೊಂಡು ಬರೋಣ ಕಣೇ," ಎಂದರು, ತೀರಾ ಮೆಲ್ಲಗೆ.